ಎರಡನೇ ಕ್ಲಾಸಿಗೆ ನಾನು ಹಾಕಿದ ಸೊಪ್ಪು

ನಮ್ಮ ಮನೆಯ ಬೆಕ್ಕು ಈಗ ಎರಡನೇ ತರಗತಿಯ ಭಾಷಾ ಪಠ್ಯಕ್ರಮದ ಮೇಲೆ ಮಲಗುತ್ತದೆ. ಹಜಾರದ ಮೂಲೆಯಲ್ಲಿ ಒಂದು ದಪ್ಪ ರಟ್ಟಿನ ಪೆಟ್ಟಿಗೆ ಇದೆ. ಅದರ ಮೇಲೆ ಕಾಮನಬಿಲ್ಲು, ಕಾಮನಬಿಲ್ಲಿನ ಮೇಲೆ ಕಾಲು ಇಳಿಬಿಟ್ಟು ಪುಸ್ತಕ ಓದುತ್ತಿರುವ ಕರಡಿ, ಕರಡಿಯ ಕೆಳಗೆ ಮನೆಯಲ್ಲೇ ಕಲಿಯುವ ಮಕ್ಕಳಿಗಾಗಿ ಸಮತೋಲನದ ಭಾಷಾ ಪಾಠಗಳು ಎಂಬ ಅರ್ಥದ ಇಂಗ್ಲಿಷ್ ಬರಹ. ಮೊನ್ನೆ ಬೆಕ್ಕು ಅದರೊಳಗೆ ಮರಿ ಹಾಕಿತು. ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ, ಆದರೆ ಓದು, ಬರಹ, ಆಲಿಕೆ, ಮಾತು ಎಂಬ ನಾಲ್ಕೂ ಕೌಶಲಗಳ ಮೇಲೆ ಸಮನಾಗಿ ಹೊರಳಾಡುತ್ತವೆ. ಆ ಪೆಟ್ಟಿಗೆಯಿಂದ ಅಷ್ಟು ಪೂರ್ತಿಯಾದ ಪ್ರಯೋಜನ ಪಡೆದವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇಲ್ಲ.

ಅದನ್ನು ನೋಡಿದಾಗಲೆಲ್ಲ ನನಗೆ ನಗುವೂ ಬರುತ್ತದೆ, ಮುಖ ಎಲ್ಲಿ ಬಚ್ಚಿಟ್ಟುಕೊಳ್ಳಲಿ ಎಂದೂ ಆಗುತ್ತದೆ. ನನ್ನ ವಯಸ್ಸಿನವರು ಮಾಡಿದ್ದನ್ನು ತೊಳೆದುಕೊಳ್ಳಲು ಕಾಶಿಗೆ ಹೋಗುತ್ತಾರೆ. ನನಗೆ ಮೊಣಕಾಲು ನೋವು. ಕೂತಲ್ಲೇ ಬರೆದು ತೊಳೆದುಕೊಳ್ಳೋಣ ಅಂದುಕೊಂಡಿದ್ದೇನೆ. ನೀವು ಸ್ವಲ್ಪ ನೀರು ಹುಯ್ಯುವವರ ಹಾಗೆ ಪಕ್ಕದಲ್ಲಿ ನಿಂತಿದ್ದರೆ ಸಾಕು.

ನಾನು ಶಿಡ್ಲಘಟ್ಟದ ಹತ್ತಿರದ ಹಳ್ಳಿಯವನು. ಬದುಕಿಡೀ ರೇಷ್ಮೆ ಹುಳು ಸಾಕಿದವನು. ಎಸ್ಸೆಸ್ಸೆಲ್ಸಿ ಪಾಸು. ನನಗಿಂತ ಹೆಚ್ಚು ಓದಿದವರು ನಮ್ಮೂರಲ್ಲಿ ಈಗ ಒಂದು ಬಸ್ಸು ತುಂಬುವಷ್ಟಿದ್ದಾರೆ, ಆದರೂ ಆ ಪಾಸಿನ ವಿಷಯ ಹೇಳುವುದನ್ನು ನಾನು ನಿಲ್ಲಿಸಿಲ್ಲ. ಈಗ ನೋಡಿ, ನಿಮಗೂ ಹೇಳಿದೆ.

ನನ್ನ ಹೆಂಡತಿ ವೆಂಕಟಲಕ್ಷ್ಮಮ್ಮ ಚಿಂತಾಮಣಿಯ ಕಡೆ, ಅಂಬಾಜಿದುರ್ಗದ ಬುಡದ ಊರಿನವಳು. ಅವಳ ತವರಿನಲ್ಲಿ ತೆಲುಗು. ಮದುವೆಯಾಗಿ ಬಂದ ಮೇಲೆ ಅವಳು ನನಗಾಗಿ ಕನ್ನಡ ಕಲಿತಳು, ಆದರೆ ಬೈಯುವುದಕ್ಕೆ, ಕತೆ ಹೇಳುವುದಕ್ಕೆ ತೆಲುಗನ್ನೇ ಇಟ್ಟುಕೊಂಡಳು. ಮಗ ನಾಗರಾಜ ಹುಳು ಸಾಕುತ್ತಾನೆ. ಸೊಸೆ ಲತಾ ಮದುವೆಗೆ ಮುಂಚೆ ಗೌರಿಬಿದನೂರಿನ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡಿದವಳು. ಇವರ ಮಗಳು, ನನ್ನ ಮೊಮ್ಮಗಳು, ಧೃತಿ. ವೆಂಕಟಲಕ್ಷ್ಮಮ್ಮ ಆ ಹೆಸರಿನ ತಂಟೆಗೇ ಹೋಗದೆ ‘ಬಂಗಾರು’ ಅನ್ನುತ್ತಾಳೆ.

ಈ ಬಂಗಾರು ಮನೆಯಲ್ಲಿ ಬೆಳಗ್ಗೆ ಎದ್ದಾಗ ಮಾತು ಶುರು ಮಾಡಿದರೆ ಮಲಗುವಾಗ ನಿಲ್ಲಿಸುತ್ತಿತ್ತು. ಶಾಲೆಯಲ್ಲಿ ಮಾತ್ರ ಬಾಯಿಯೇ ಇಲ್ಲ. ಒಂದನೇ ಕ್ಲಾಸು ಪೂರ್ತಿ ಹಾಗೇ ಕಳೆಯಿತು. ಟೀಚರು ಲತಾಳನ್ನು ಕರೆಸಿ, ‘ನಿಮ್ಮ ಮಗುಗೆ ಮಾತು ಬರುತ್ತಾ?’ ಎಂದು ಕೇಳಿದರಂತೆ. ಲತಾ ಮನೆಗೆ ಬಂದು ಒಂದು ಲೋಟ ನೀರು ಕುಡಿದು, ‘ಎರಡನೇ ಕ್ಲಾಸು ಮನೇಲೇ. ನಾನೇ ಕಲಿಸ್ತೀನಿ’ ಅಂದಳು.

ಗೌರಿಬಿದನೂರಿನಲ್ಲಿರುವ ಅವಳ ಅಕ್ಕನೂ ಟೀಚರೇ. ಆಕೆ ಫೋನಿನಲ್ಲಿ ಒಂದು ಷರತ್ತು ಹಾಕಿದರು. ‘ಒಂದು ವರ್ಷ ನೋಡು. ಯುಗಾದಿ ಹೊತ್ತಿಗೆ ಮಗು ಸರಿಹೋಗ್ಲಿಲ್ಲ ಅಂದ್ರೆ ನನ್ನ ಮನೇಲಿ ಬಿಡು. ಇಲ್ಲೇ ಮೂರನೇ ಕ್ಲಾಸಿಗೆ ಸೇರಿಸ್ತೀನಿ. ನಮ್ಮ ಹುಡುಗರ ಜೊತೆ ಇದ್ರೆ ತಾನಾಗೇ ಮಾತಾಡ್ತಾಳೆ.’ ಲತಾ ಹೂಂ ಅಂದಳು. ಗೌರಿಬಿದನೂರು ಏನು ದೂರ, ಬಸ್ಸು ಹತ್ತಿದರೆ ಬಂತು. ಆದರೆ ಬೆಳಗ್ಗೆ ಎದ್ದು ‘ತಾತ, ನಿನ್ನ ಹಲ್ಲು ಎಲ್ಲಿ ಇಟ್ಟೆ?’ ಎಂದು ಕೇಳುವುದಕ್ಕೆ ಯಾರಾದರೂ ಗೌರಿಬಿದನೂರಿನಿಂದ ದಿನಾ ಬಸ್ಸು ಹತ್ತುತ್ತಾರೆಯೇ?

ಹಾಗಾಗಿ ಪಠ್ಯಕ್ರಮ ಆರಿಸುವ ಸಭೆಯಲ್ಲಿ ನಾನು ಎಲ್ಲರಿಗಿಂತ ಮುಂಚೆ ಬಂದು ಕೂತೆ.

ಸಭೆ ನಡೆದದ್ದು ಹಜಾರದಲ್ಲಿ. ಲತಾ ಈ ಕರಡಿಯ ಪೆಟ್ಟಿಗೆಯನ್ನು ಆಗಲೇ ತರಿಸಿಬಿಟ್ಟಿದ್ದಳು. ಅದರೊಳಗೆ ಒಂದು ದೊಡ್ಡ ಹಾಳೆ. ಹಾಳೆಯ ಮೇಲೆ ಒಂದು ಚಕ್ರ, ಚಕ್ರಕ್ಕೆ ನಾಲ್ಕು ಬಣ್ಣ.

‘ಮಾವ, ಮುಖ್ಯ ಏನಂದ್ರೆ ಎಲ್ಲಾ ಸಮ ಇರ್ಬೇಕು. ಓದೋದು, ಬರೆಯೋದು, ಕೇಳೋದು, ಮಾತಾಡೋದು. ಒಂದು ಜಾಸ್ತಿ ಆಗಿ ಇನ್ನೊಂದು ಕಮ್ಮಿ ಆಗ್ಬಾರ್ದು’ ಅಂದಳು ಲತಾ.

ನಾಗರಾಜ ಬಾಗಿಲಿಗೆ ಒರಗಿಕೊಂಡು, ‘ಹಸುಗೆ ತರ್ತೀವಲ್ಲ ಮೂಟೆ, ಅದೇ ತರ. ಹಿಂಡಿ, ಬೂಸ, ಉಪ್ಪು ಎಲ್ಲಾ ಒಂದ್ರಲ್ಲೇ ಕಲಸಿರ್ತಾರೆ’ ಅಂದ.

‘ನಿಮ್ಮ ಮಗಳು ಹಸುನಾ?’

‘ನಾನು ಹಾಗಂದ್ನಾ? ಹಾಲು ಚೆನ್ನಾಗಿ ಕೊಡುತ್ತೆ ಅಂತ ಹೇಳ್ದೆ ಅಷ್ಟೆ.’

ವೆಂಕಟಲಕ್ಷ್ಮಮ್ಮ ಚಕ್ರವನ್ನು ತುಂಬಾ ಹೊತ್ತು ನೋಡಿದಳು. ‘ಇದೇನೇ ಲತಾ, ಒಬ್ಬಟ್ಟಾ? ನಾಲ್ಕು ಬಣ್ಣ ಯಾಕೆ ಹಾಕವ್ರೆ?’

‘ಒಬ್ಬಟ್ಟಲ್ಲ ಅತ್ತೆ. ಭಾಷೆ.’

‘ಕುಯ್ದವ್ರೆ ಪಾಪ’ ಅಂದಳು ಅವಳು. ಎದ್ದು ಅಡುಗೆಮನೆಗೆ ಹೋದಳು. ಸಭೆಯಲ್ಲಿ ಅಷ್ಟು ಹೊತ್ತು ಆಡಿದ ಮಾತುಗಳಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಅದೊಂದೇ ಎಂದು ಆಗ ನನಗೆ ಹೊಳೆಯಲಿಲ್ಲ.

ಆ ಪೆಟ್ಟಿಗೆಯ ಪುಸ್ತಕಗಳನ್ನು ನಾನೂ ತಿರುವಿ ನೋಡಿದೆ. ಮೊದಲನೇ ಪಾಠದಲ್ಲಿ ಹಿಮ ಬಿದ್ದಿತ್ತು. ಎರಡನೆಯದರಲ್ಲಿ ಒಂದು ಹುಡುಗಿ ಹಿಮದಲ್ಲಿ ಕೈಗವಸು ಕಳೆದುಕೊಂಡಿದ್ದಳು. ಮೂರನೆಯದರಲ್ಲಿ ಅದನ್ನು ಹುಡುಕುತ್ತಿದ್ದಳು. ‘ಸಿಗೋ ಹೊತ್ತಿಗೆ ನಮ್ಮಲ್ಲಿ ಬೇಸಿಗೆ ಬಂದಿರುತ್ತೆ ಕಣಮ್ಮ’ ಅಂದೆ. ಲತಾ ನಕ್ಕಳು. ಅವಳು ನಕ್ಕಾಗ ಕೇಳಬೇಕಾದದ್ದನ್ನು ಕೇಳಿಬಿಡಬೇಕು. ಕೇಳಿದೆ. ಇಂಗ್ಲಿಷು ಮಧ್ಯಾಹ್ನ ಅವಳದು, ಬೆಳಗಿನ ಕನ್ನಡ ಪೂರ್ತಿ ನನ್ನದು ಎಂದು ತೀರ್ಮಾನವಾಯಿತು.

ಮರುದಿನವೇ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದೆ. ಶಿಡ್ಲಘಟ್ಟದಲ್ಲಿ ಪುಸ್ತಕದ ಅಂಗಡಿ ಇಲ್ಲವೆಂದಲ್ಲ. ಜಿಲ್ಲಾ ಕೇಂದ್ರದಲ್ಲಿ ಕೊಂಡರೆ ವಿದ್ಯೆಗೆ ಒಂದು ತೂಕ ಬರುತ್ತದೆ ಎಂದು ನನ್ನ ಭಾವನೆ. ಅಂಗಡಿಯ ಹುಡುಗಿ ಕೇಳಿದಳು:

‘ಯಾವ ಸಿಲಬಸ್ಸು ತಾತ? ಸ್ಟೇಟಾ, ಸೆಂಟ್ರಲ್ಲಾ?’

‘ಮನೆ.’

‘ಅದು ನಮ್ಮಲ್ಲಿ ಇನ್ನೂ ಬಂದಿಲ್ಲ. ಮುಂದಿನ ವಾರ ಬನ್ನಿ.’

ನಾನೇ ಆರಿಸಿದೆ. ಕಾಪಿ ಬರೆಯುವ ಪುಸ್ತಕ, ಉಕ್ತಲೇಖನಕ್ಕೆ ಬೇರೆ, ಶುದ್ಧ ಬರಹಕ್ಕೆ ಬೇರೆ, ಕಾಗುಣಿತದ ಗೋಡೆಪಟ, ಕೆಂಪು ಶಾಯಿಯ ಪೆನ್ನು. ಕೆಂಪು ಪೆನ್ನು ಕೈಗೆ ಬಂದಾಗ ಆದ ಸಂತೋಷವನ್ನು ನಾನು ಬಚ್ಚಿಡುವುದಿಲ್ಲ. ಬದುಕಿನಲ್ಲಿ ನನ್ನ ಮೇಲೆ ಎಷ್ಟೋ ಜನ ಕೆಂಪು ಪೆನ್ನು ಆಡಿಸಿದ್ದರು. ಮೊದಲ ಸಲ ಅದು ನನ್ನ ಜೇಬಿನಲ್ಲಿ ಬಂದು ಕೂತಿತ್ತು. ಬಸ್ಸಿನಲ್ಲಿ ಮುಂದೆ ಕೂತವರ ಸೀಟಿನ ಹಿಂದೆ ಯಾರೋ ಗೀಚಿದ್ದ ಬರಹವನ್ನು ತಿದ್ದಬೇಕೆಂದು ಕೈ ಹಾತೊರೆಯಿತು.

ಹಾಗೆ ನೋಡಿದರೆ ನನ್ನ ಎರಡನೇ ಕ್ಲಾಸಿನಲ್ಲಿ ಯಾವ ಚಕ್ರವೂ ಇರಲಿಲ್ಲ. ಒಂದು ಸ್ಲೇಟಿತ್ತು. ಅದರ ಒಂದು ಮೂಲೆ ನಮ್ಮಣ್ಣನ ಕಾಲದಲ್ಲೇ ಮುರಿದಿತ್ತು, ಹಾಗಾಗಿ ನಾನು ಯಾವ ಪದ ಬರೆದರೂ ಕೊನೆಯ ಅಕ್ಷರ ಸಣ್ಣದಾಗಿ ಮುದುಡಿಕೊಳ್ಳುತ್ತಿತ್ತು. ಇವತ್ತಿಗೂ ನನ್ನ ಸಹಿಯ ಬಾಲ ಹಾಗೇ ಇದೆ, ಬ್ಯಾಂಕಿನವರು ಅನುಮಾನದಿಂದ ನೋಡುತ್ತಾರೆ. ಸ್ಲೇಟು ಒರೆಸಲು ನೀರು ಹುಡುಕಿಕೊಂಡು ಹೋಗುವವರು ಯಾರು? ಎಂಜಲೇ. ಮೇಷ್ಟ್ರು ನೋಡಿದರೆ ಕಿವಿ ಹಿಂಡುತ್ತಿದ್ದರು. ಓದು ಕಲಿತದ್ದು ಸಂತೆಯ ಪೊಟ್ಟಣಗಳ ಕಾಗದದಲ್ಲಿ. ಅವ್ವ ಬೇಳೆಯನ್ನು ಡಬ್ಬಿಗೆ ಸುರಿದ ಮೇಲೆ ಕಾಗದ ನನ್ನದು. ಯಾವ ಸುದ್ದಿಗೂ ತಲೆ ಇದ್ದರೆ ಬಾಲವಿಲ್ಲ. ಬಾವಿಗೆ ಬಿದ್ದ ಆನೆಯನ್ನು ಮೇಲೆತ್ತಲು ಜನ ಹಗ್ಗ ತಂದರು ಎಂಬಲ್ಲಿಗೆ ಒಂದು ಕಾಗದ ಹರಿದಿತ್ತು. ಆ ಆನೆ ಮೇಲೆ ಬಂತೋ ಇಲ್ಲವೋ ಎಂದು ಎಷ್ಟೋ ದಿನ ಯೋಚಿಸಿದ್ದೇನೆ. ನಾನೇ ಬೇರೆ ಬೇರೆ ರೀತಿಯಲ್ಲಿ ಅದನ್ನು ಮೇಲೆತ್ತಿ ಗೆಳೆಯರಿಗೆ ಹೇಳಿದ್ದೇನೆ. ಒಂದು ಸಲ ಎಲ್ಲರಿಗೂ ಬೇಜಾರಾಗಿ ಆನೆಯನ್ನು ಅಲ್ಲೇ ಬಿಟ್ಟು ಗೋಲಿ ಆಡಲು ಹೋದದ್ದೂ ಉಂಟು.

ಇಷ್ಟು ಚೆನ್ನಾಗಿ ಕಲಿತವನು ಮೊಮ್ಮಗಳಿಗೆ ಕಲಿಸುವಾಗ ಇದೊಂದನ್ನೂ ನೆನೆಯಲಿಲ್ಲ. ನೆನೆದದ್ದು ಹುಳುವಿನ ಮನೆಯನ್ನು. ನನಗೆ ಚೆನ್ನಾಗಿ ಗೊತ್ತಿದ್ದದ್ದು ಅದೊಂದೇ ಅಲ್ಲವೇ.

ರೇಷ್ಮೆ ಹುಳು ಸಾಕುವುದರಲ್ಲಿ ಹೊತ್ತು ಮುಖ್ಯ. ಹೊತ್ತಿಗೆ ಸರಿಯಾಗಿ ಹಿಪ್ಪುನೇರಳೆ ಸೊಪ್ಪು ಬೀಳಬೇಕು. ಮರಿಹುಳುವಿಗೆ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಬೆಳೆದಂತೆ ಎಲೆ ದೊಡ್ಡದಾಗಬೇಕು. ಒದ್ದೆ ಸೊಪ್ಪು ಆಗದು, ಧೂಳಿನ ಸೊಪ್ಪು ಆಗದು. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ನಾನು ಇದನ್ನೇ ಎತ್ತಿ ಎರಡನೇ ಕ್ಲಾಸಿಗೆ ಹಾಕಿದೆ. ಬೆಳಗ್ಗೆ ಎದ್ದ ಕೂಡಲೇ ಎರಡಕ್ಷರದ ಪದಗಳು. ತಿಂಡಿ ಆದ ಮೇಲೆ ಮೂರಕ್ಷರದ್ದು. ಆಮೇಲೆ ಒತ್ತಕ್ಷರ, ಚೆನ್ನಾಗಿ ಹೆಚ್ಚಿ. ಊಟಕ್ಕೆ ಮುಂಚೆ ಉಕ್ತಲೇಖನ. ಲತಾ ನನ್ನ ವೇಳಾಪಟ್ಟಿಯನ್ನು ನೋಡಿ, ‘ಪರವಾಗಿಲ್ವೇ ಮಾವ, ಒಂದು ಪದ್ಧತಿ ಇದೆ’ ಅಂದಳು. ಆ ದಿನ ನಾನು ಕಾಫಿಗೆ ಸಕ್ಕರೆ ಕೇಳಲಿಲ್ಲ.

ಹೊರಗಿನ ಧೂಳು ಒಳಗೆ ಬರಬಾರದು ಎಂಬುದನ್ನೂ ಬಿಡಲಿಲ್ಲ. ಪಾಠದ ಹೊತ್ತಿನಲ್ಲಿ ಕನ್ನಡ ಬಿಟ್ಟು ಬೇರೆ ಮಾತು ಬೀಳಕೂಡದು ಎಂದೆ. ಇಂಗ್ಲಿಷಿಗೆ ಮಧ್ಯಾಹ್ನ ಇದೆ. ತೆಲುಗಿಗೆ ಚಕ್ರದಲ್ಲಿ ಬಣ್ಣವೇ ಇಲ್ಲ, ಆದ್ದರಿಂದ ಅಜ್ಜಿಯ ಕತೆಗಳು ಸದ್ಯಕ್ಕೆ ಬಂದ್.

‘ನಾ ಕಥಲು ಏಮಿ ಪಾಪಂ ಚೇಸಿನಾಯಯ್ಯಾ?’ ಎಂದು ಕೇಳಿದಳು ವೆಂಕಟಲಕ್ಷ್ಮಮ್ಮ. ನನ್ನ ಕತೆಗಳು ಮಾಡಿದ ಪಾಪ ಏನಯ್ಯಾ ಎಂದು.

‘ಪಾಪ ಅಲ್ಲ ಕಣೇ. ಮಗುಗೆ ಕಲಬೆರಕೆ ಆಗುತ್ತೆ.’

‘ನಲವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದ್ಯಲ್ಲ, ನೀನೇನು ಕಲಬೆರಕೆ ಆಗ್ಲಿಲ್ವಾ?’

ನಾನು ಕೆಂಪು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ.

ಇನ್ನು ನಾನು ಮಾಡಿದ್ದನ್ನು ಮಾಡಿದ ಹಾಗೇ ಹೇಳಿಬಿಡುತ್ತೇನೆ. ಒಂದು ದಿನ ಧೃತಿ ಹಿತ್ತಲಿನಿಂದ ಓಡಿಬಂದಳು. ಮುಖವೆಲ್ಲ ಕೆಂಪಾಗಿತ್ತು, ಹೇಳುವ ಆತುರಕ್ಕೆ ನಿಂತಲ್ಲಿ ನಿಲ್ಲಲಾರಳು.

‘ತಾತ, ತಾತ, ಆ ಕುಕ್ಕ ಇಲ್ವಾ, ಅದು ಸೊಪ್ಪಿನ ಮೇಲೆ ಸ್ಲೀಪ್ ಮಾಡ್ತಿತ್ತಾ...’

‘ನಾಯಿ.’

‘ಹ್ಞಾಂ, ನಾಯಿ. ಅದು ಸ್ಲೀಪ್ ಮಾಡ್ತಿತ್ತಾ, ನೇನು ವೆಳ್ಳಿ ನೋಡಿದ್ರೆ...’

‘ಮಲಗಿತ್ತು. ನಾನು ಹೋಗಿ ನೋಡಿದಾಗ.’

‘ಮಲಗಿತ್ತು. ನಾನು ಹೋಗಿ ನೋಡಿದಾಗ...’ ಮುಂದಿನ ಪದ ಯಾವ ಭಾಷೆಯದು ಎಂದು ಒಳಗೇ ಎತ್ತಿ ನೋಡುತ್ತಿದ್ದಳು ಅಂತ ಕಾಣುತ್ತದೆ. ‘ಅದರ ತೋಕ...’

‘ಬಾಲ.’

‘ಬಾಲ.’

‘ಹ್ಞಾಂ, ಈಗ ಮೊದಲಿಂದ ಪೂರ್ತಿ ಒಂದೇ ವಾಕ್ಯದಲ್ಲಿ ಹೇಳು ನೋಡೋಣ, ಚಿನ್ನ.’

ಅವಳು ನನ್ನ ಮುಖ ನೋಡಿದಳು. ‘ಏನೂ ಇಲ್ಲ ತಾತ’ ಅಂದಳು. ಬಂದ ದಾರಿಯಲ್ಲಿ ನಡೆದುಕೊಂಡು ಹೋದಳು.

ಆ ನಾಯಿಯ ಬಾಲಕ್ಕೆ ಏನಾಯಿತು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ನಾಯಿಯನ್ನೇ ಹೋಗಿ ನೋಡಿದೆ, ಬಾಲ ಇದ್ದಲ್ಲೇ ಇತ್ತು. ಆದರೆ ಆಗ ನನಗೆ ಅದು ಬೇಕಾಗಿಯೂ ಇರಲಿಲ್ಲ. ನಾಯಿ, ಮಲಗಿತ್ತು, ಬಾಲ, ಎಲ್ಲಾ ಶುದ್ಧವಾಗಿ ಬಂತಲ್ಲ ಎಂದು ಒಳಗೊಳಗೇ ಬೀಗಿದೆ.

ಹೀಗೆ ದಿನಾ ನಡೆಯಿತು. ದಸರೆಯ ಹೊತ್ತಿಗೆ ಬರವಣಿಗೆ ದುಂಡಗಾಯಿತು. ಉಕ್ತಲೇಖನದಲ್ಲಿ ಕೆಂಪು ಪೆನ್ನಿಗೆ ಕೆಲಸ ಕಡಿಮೆಯಾಯಿತು. ಸಂಕ್ರಾಂತಿಯ ಹೊತ್ತಿಗೆ ಮಾತು ನಿಂತಿತು. ಎಲ್ಲಿ ಮಾತಿತ್ತೋ ಆ ಮನೆಯಲ್ಲಿಯೂ ನಿಂತಿತು. ಕೇಳಿದ್ದಕ್ಕೆ ಹೂಂ, ಊಹೂಂ. ಬೇಕಾದದ್ದನ್ನು ಬೆರಳಿನಿಂದ ತೋರಿಸುವುದು. ಸುಮ್ಮನೆ ಕಂಬಕ್ಕೆ ಒರಗಿ, ತಲೆ ಮೇಲೆತ್ತಿ, ಜಂತೆ ನೋಡುತ್ತಾ ಕೂರುವುದು.

ಲತಾ ಹೆದರಿದಳು. ‘ಏನ್ ಮಾವ ಇದು? ಸ್ಕೂಲಲ್ಲಿ ಮಾತ್ರ ಹೀಗಿದ್ಲು. ಈಗ ಮನೇಲೂ!’

ನಾನು ಮಾತ್ರ ಹೆದರಲಿಲ್ಲ. ಹೆದರಿದ್ದರೆ ಒಳ್ಳೆಯದಿತ್ತು. ತಲೆ ಎತ್ತಿ ಕೂತ ಮಗುವನ್ನು ನೋಡಿ ನನಗೆ ಥಟ್ಟನೆ ಎಲ್ಲಾ ಅರ್ಥವಾಗಿಹೋಯಿತು. ಹುಳು ಬೆಳೆಯುವಾಗ ನಡುನಡುವೆ ತಿನ್ನುವುದನ್ನು ಬಿಟ್ಟು ಹೀಗೇ ತಲೆ ಮೇಲೆತ್ತಿ ಅಲ್ಲಾಡದೆ ಕೂರುತ್ತದೆ. ಹಳೆಯ ಚರ್ಮ ಕಳಚಿ ಹೊಸದು ಬರುವ ಕಾಲ ಅದು. ನಮ್ಮ ಕಡೆ ಅದಕ್ಕೆ ‘ಜ್ವರಕ್ಕೆ ಕೂತಿದೆ’ ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಅಲುಗಿಸಬಾರದು. ಸುಮ್ಮನೆ ಬಿಟ್ಟರೆ ತಾನಾಗಿ ಎದ್ದು, ಹಿಂದೆಂದೂ ಇಲ್ಲದ ಹಸಿವಿನಿಂದ ತಿನ್ನುತ್ತದೆ.

‘ಜ್ವರಕ್ಕೆ ಕೂತವ್ಳೆ ಕಣಮ್ಮ’ ಅಂದೆ ಲತಾಳಿಗೆ. ‘ಕಲಿತದ್ದೆಲ್ಲ ಒಳಗೆ ಮೈಗೆ ಹತ್ತುತಾ ಇದೆ. ಈಗ ಯಾರೂ ಏನೂ ಕೇಳ್ಬಾರ್ದು, ಮಾತಾಡಿಸ್ಬಾರ್ದು. ಎದ್ದ ಮೇಲೆ ನೋಡು, ಸುರಿಮಳೆ.’

‘ಹುಳುಗೂ ಮಗುಗೂ ಒಂದೇನಾ ಮಾವ?’

‘ಹುಳು ಸಾಕಿದ ಹಣದಲ್ಲೇ ಅಲ್ವೇನಮ್ಮ ನಿನ್ನ ಗಂಡನ್ನ ಸಾಕಿದ್ದು?’ ಅಂದೆ. ಈ ಮಾತಿಗೂ ಅವಳ ಪ್ರಶ್ನೆಗೂ ಏನು ಸಂಬಂಧ ಎಂದು ನನ್ನನ್ನು ಕೇಳಬೇಡಿ. ಗಟ್ಟಿಯಾಗಿ ಹೇಳಿದ್ದರಿಂದ ಎಲ್ಲರೂ ಒಪ್ಪಿದರು. ನಾಗರಾಜ ಅಂತೂ ತಕ್ಷಣ ಒಪ್ಪಿದ. ಹುಳುವಿನ ಮನೆಯಲ್ಲಿ ಹುಟ್ಟಿ ಬೆಳೆದವನು ಅವನೂ.

ಆಮೇಲೆ ನಮ್ಮ ಮನೆ ಹೇಗಿತ್ತು ಎಂದರೆ, ಮಗು ಹಜಾರಕ್ಕೆ ಬಂದರೆ ಮಾತು ನಿಲ್ಲುತ್ತಿತ್ತು. ಲತಾ ತಟ್ಟೆ ಇಟ್ಟು, ‘ಇನ್ನೊಂದು ರೊಟ್ಟಿ ಬೇಕಾ?’ ಎಂದು ಕೇಳಲು ಬಾಯಿ ತೆರೆದು, ನನ್ನ ಕಡೆ ನೋಡಿ, ಮುಚ್ಚಿ, ರೊಟ್ಟಿ ಹಾಕಿ ಹೋಗುತ್ತಿದ್ದಳು. ಚಿಂತಾಮಣಿಯಿಂದ ನನ್ನ ಭಾವಮೈದ ಕಡ್ಲೆಪುರಿ ಹಿಡಿದುಕೊಂಡು ಬಂದ. ಬಾಗಿಲಲ್ಲೇ ಅವನನ್ನು ತಡೆದು ವಿಷಯ ತಿಳಿಸಿದೆ. ಅವನೂ ಹುಳು ಸಾಕುವವನು, ಗಂಭೀರವಾಗಿ ತಲೆಯಾಡಿಸಿ, ಕಾಲು ತೊಳೆದುಕೊಂಡು, ತುದಿಗಾಲಲ್ಲಿ ಒಳಗೆ ಹೋಗಿ, ಮಗುವಿನ ಮುಂದೆ ಸದ್ದಿಲ್ಲದೆ ಪೊಟ್ಟಣ ಇಟ್ಟು, ಹಿಂದೆ ಹಿಂದೆ ಹೆಜ್ಜೆ ಹಾಕಿಕೊಂಡು ಹೊರಗೆ ಬಂದ. ‘ಲಕ್ಷಣ ಚೆನ್ನಾಗದೆ ಭಾವ’ ಎಂದು ಪಿಸುಗುಟ್ಟಿದ. ವೆಂಕಟಲಕ್ಷ್ಮಮ್ಮ ಒಬ್ಬಳು ಒಪ್ಪಲಿಲ್ಲ. ಆದರೆ ತನ್ನ ಕತೆಗಳನ್ನು ಬಂದ್ ಮಾಡಿದ ಕೋಪಕ್ಕೆ ಅವಳು ನನ್ನ ಜೊತೆಗೂ ಮಾತು ಬಿಟ್ಟಿದ್ದಳು. ಆದ್ದರಿಂದ ಅವಳ ಅಭಿಪ್ರಾಯ ನನಗೆ ತಲುಪಲಿಲ್ಲ.

ಯುಗಾದಿ ಹತ್ತಿರ ಬಂತು. ಮಗು ಎದ್ದಿರಲಿಲ್ಲ. ಗೌರಿಬಿದನೂರಿನಿಂದ ಫೋನು ಬಂತು. ಲತಾ ಒಳಗೆ ಹೋಗಿ ಮಾತಾಡಿ ಬಂದಳು. ‘ಅಕ್ಕ ಸೀಟು ಹಿಡಿದಿಟ್ಟವ್ಳಂತೆ ಮಾವ. ಸೋಮವಾರದೊಳಗೆ ಹೂಂ ಅನ್ಬೇಕಂತೆ. ನಾನೂ ಎಷ್ಟು ಅಂತ ಕಾಯ್ಲಿ?’ ಅವಳ ಕಣ್ಣು ತುಂಬಿತ್ತು.

ಆ ಭಾನುವಾರವೇ ನಮ್ಮ ಮನೆಯಲ್ಲಿ ಗೂಡು ಬಿಡಿಸುವ ಕೆಲಸ ಇತ್ತು. ಹುಳು ಚಂದ್ರಿಕೆ ಎಂಬ ಬಿದಿರು ತಟ್ಟಿಯಲ್ಲಿ ಗೂಡು ಕಟ್ಟಿ ಮುಗಿಸಿದ ಮೇಲೆ ಒಂದೊಂದಾಗಿ ಗೂಡು ಕಿತ್ತು ಬುಟ್ಟಿಗೆ ಹಾಕಬೇಕು. ಕೈಗೆ ಕೆಲಸ, ಬಾಯಿಗೆ ಬಿಡುವು. ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಕೂರುತ್ತಾರೆ. ಯಾರ ಮನೆಯ ಸೊಸೆ, ಯಾರ ಹೊಲದ ಬೋರು, ಯಾರ ಟೊಮೇಟೊ, ಎಲ್ಲಾ ಕನ್ನಡ ತೆಲುಗಿನಲ್ಲಿ ಉರುಳಾಡುತ್ತದೆ. ಪಕ್ಕದ ಮನೆಯ ಶಾಂತಮ್ಮ ಅಂದು ತಮ್ಮ ಮೇಕೆ ಬಸ್ಸು ಹತ್ತಿ ಇಲ್ಲೇ ಹತ್ತಿರದ ವಿಜಯಪುರದವರೆಗೆ ಹೋಗಿಬಂದ ಪ್ರಸಂಗ ಹೇಳುತ್ತಿದ್ದರು. ಜನ ಬಿದ್ದು ಬಿದ್ದು ನಗುತ್ತಿದ್ದರು. ಧೃತಿ ಬಂದು ಬಾಗಿಲಲ್ಲಿ ನಿಂತಳು. ನಾನು ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದೆನಲ್ಲ, ಶಾಂತಮ್ಮ ಮಾತನ್ನು ಅಲ್ಲೇ ನುಂಗಿಕೊಂಡರು. ಮೇಕೆ ಬಸ್ಸಿನಲ್ಲೇ ಉಳಿಯಿತು. ಎಲ್ಲರೂ ತಲೆ ತಗ್ಗಿಸಿ ಗೂಡು ಕೀಳತೊಡಗಿದರು.

ಮಗು ಒಬ್ಬೊಬ್ಬರ ಮುಖ ನೋಡಿತು. ನಿಧಾನವಾಗಿ ಬಂದು, ತಾನು ತೆಲುಗಿನಲ್ಲಿ ಅವ್ವ ಎಂದು ಕರೆಯುವ ಅಜ್ಜಿಯ ಸೊಂಟಕ್ಕೆ ಒತ್ತಿಕೊಂಡು ಕೂತಿತು. ಕಿವಿಯಲ್ಲಿ ಹೇಳಿದ್ದಾದರೂ, ಅಷ್ಟು ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸಿತು.

‘ಅವ್ವಾ, ಎಲ್ಲರೂ ನನ್ ಜೊತೆ ಟೂ ಬಿಟ್ಟವ್ರಾ? ನಾನು ಏನ್ ಮಿಸ್ಟೇಕ್ ಮಾಡ್ದೆ?’

ಕೈಯಲ್ಲಿದ್ದ ಗೂಡನ್ನು ಬುಟ್ಟಿಗೆ ಹಾಕಿ ಮಗುವಿನ ಕಡೆ ತಿರುಗಿದೆ.

ಜ್ವರಕ್ಕೂ ಕೂತಿರಲಿಲ್ಲ, ಚರ್ಮವೂ ಬಿಡುತ್ತಿರಲಿಲ್ಲ. ಬಾಯಿ ತೆರೆದಾಗಲೆಲ್ಲ ತಾತ ತಪ್ಪು ಹಿಡಿಯುತ್ತಾನೆ ಎಂದು ಮಗು ಬಾಯಿ ಮುಚ್ಚಿಕೊಂಡಿತು. ಬಾಯಿ ಮುಚ್ಚಿಕೊಂಡದ್ದಕ್ಕೆ ಊರೇ ತನ್ನ ಮೇಲೆ ಮುನಿಸಿಕೊಂಡಿದೆ ಎಂದುಕೊಂಡಿತು. ನನ್ನ ಪದ್ಧತಿಯ ಫಲ ಇಷ್ಟು.

ವೆಂಕಟಲಕ್ಷ್ಮಮ್ಮ ಮಾತು ಬಿಟ್ಟಿದ್ದನ್ನು ಮರೆತಳು. ‘ಏಮಯ್ಯಾ! ಸಂತೋಷ ಆಯ್ತಾ? ಇನ್ನೂ ಏನಾದ್ರೂ ಬಾಕಿ ಐತಾ ನಿನ್ನ ಸೊಪ್ಪು?’ ಎಂದು ಶುರು ಮಾಡಿ, ಮುಂದಿನದನ್ನೆಲ್ಲ ತೆಲುಗಿನಲ್ಲಿ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಹೆಂಗಸರೆಲ್ಲ ಗೂಡಿನ ಕಡೆ ನೋಡುತ್ತಾ ಶ್ರದ್ಧೆಯಿಂದ ಕೇಳಿಸಿಕೊಂಡರು.

ಲತಾ ಮಗಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೊಣಕಾಲು ನೋವನ್ನು ಲೆಕ್ಕಿಸದೆ ಎದ್ದು ಹೋಗಿ ಮಗುವಿನ ಎದುರು ನೆಲದ ಮೇಲೆ ಕೂತೆ. ಏನು ಹೇಳಬೇಕೆಂದು ಶುದ್ಧವಾಗಿ ಜೋಡಿಸಿಕೊಂಡಿದ್ದೆ. ಬಾಯಿ ತೆರೆದಾಗ ಬಂದದ್ದು ಬೇರೆ.

‘ತಪ್ಪು ನಿಂದಲ್ಲ ಬಂಗಾರು. ತಪ್ಪಂತಾ ನಾದೇ. ತಾತ ಮಿಸ್ಟೇಕ್ ಮಾಡ್ಬಿಟ್ಟ. ನೀನು ಮಾತಾಡ್ತಾ ಇದ್ರೆ ನಾನು ಕೇಳ್ತಾ ಇರ್ಲಿಲ್ಲ, ಬರೀ ತಿದ್ತಾ ಇದ್ದೆ. ಸಾರಿ.’

ಅವಳು ನನ್ನನ್ನು ನೋಡಿದಳು. ಎಷ್ಟೋ ದಿನದ ಮೇಲೆ ಅವಳ ತುಟಿಯ ಒಂದು ತುದಿ ಅಲ್ಲಾಡಿತು.

‘ತಾತ, ನೀನೇ ಮೂರು ಲ್ಯಾಂಗ್ವೇಜ್ ಮಿಕ್ಸ್ ಮಾಡ್ದೆ.’

ಹೆಂಗಸರು ನಕ್ಕರು. ನಾನು ‘ಆ ನಾಯಿ ಬಾಲಕ್ಕೆ ಏನಾಯ್ತು ಹೇಳು’ ಎಂದು ಬೇಡಿಕೊಂಡೆ.

‘ಅದು ಮರೆತೋಯ್ತು’ ಅಂದಳು. ನಿಜವಾಗಿ ಮರೆತಿದ್ದಳೋ, ನನಗೆ ಕೊಟ್ಟ ಶಿಕ್ಷೆಯೋ ತಿಳಿಯದು. ಒಂದು ಗೂಡನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಟಕ್ ಟಕ್ ಅನ್ನುವುದನ್ನು ಕೇಳಿದಳು. ‘ಬೇರೆ ಕತೆ ಹೇಳ್ತೀನಿ. ಆದ್ರೆ ನೀನು ಏನೂ ಹೇಳ್ಬಾರ್ದು. ಬರೀ ಊಂ ಅನ್ಬೇಕು. ಅವ್ವನ ಕತೆಗೆ ನಾನು ಅಂತೀನಲ್ಲ, ಹಂಗೆ.’

ನಮ್ಮ ಕಡೆ ಕತೆ ಹೇಳುವವರ ಎದುರು ಒಬ್ಬರು ಊಂಗುಟ್ಟಲೇಬೇಕು. ಊಂ ನಿಂತರೆ ಕತೆ ನಿಂತಿತು ಎಂದೇ ಅರ್ಥ. ಮಕ್ಕಳಿಗೆ ಕೊಡುವ ಕೆಲಸ ಅದು. ಆ ಪೆಟ್ಟಿಗೆಯ ಚಕ್ರದಲ್ಲಿ ಅದಕ್ಕೆ ಯಾವ ಬಣ್ಣ ಹಾಕಿದ್ದರೋ ಕಾಣೆ.

‘ಒಂದು ಊರಲ್ಲಿ ಒಬ್ಬ ತಾತ ಇದ್ದ’ ಎಂದು ಶುರು ಮಾಡಿದಳು.

‘ಊಂ.’

‘ಆ ತಾತ ಒಂದಿನ ಜ್ವರಕ್ಕೆ ಕೂತ್ಕೊಂಬಿಟ್ಟ. ತಲೆ ಮೇಲೆ ಎತ್ಕೊಂಡು, ಹಿಂಗೆ.’

ಶಾಂತಮ್ಮ ಸೆರಗು ಬಾಯಿಗೆ ತುರುಕಿಕೊಂಡರು. ‘ಊಂ’ ಅಂದೆ ನಾನು.

‘ಆಗ ಪುರುಗುಲು ಎಲ್ಲಾ ಬಂದು ಮೀಟಿಂಗ್ ಮಾಡಿದ್ವು. ತಾತಕಿ ಏಮ್ ಪೆಡದಾಂ, ಏಮ್ ಪೆಡದಾಂ ಅಂತ.’

ಹುಳುಗಳೆಲ್ಲ ಸಭೆ ಸೇರಿ, ತಾತನಿಗೆ ತಿನ್ನಲು ಏನು ಹಾಕೋಣ ಎಂದು ಕೇಳಿದವಂತೆ. ‘ಊಂ.’

‘ದೆನ್ ಒಂದು ಚಿನ್ನ ಪುರುಗು ಹೇಳ್ತು, ಕಾಪಿ ಬುಕ್ಸ್ ಇದಾವಲ್ಲ, ಅವನ್ನ ಸಣ್ಣಗೆ ಕಟ್ ಮಾಡಿ ಪೆಡದಾಂ ಅಂತ. ಫಸ್ಟು ಎರಡಕ್ಷರದ್ದು. ಟಿಫನ್ ಆದ್ಮೇಲೆ ಮೂರಕ್ಷರದ್ದು.’

ಆ ಚಿಕ್ಕ ಹುಳುವಿನ ಸಲಹೆಗೆ ಇಡೀ ಹುಳುವಿನ ಮನೆ ನಗುತ್ತಿತ್ತು. ವೆಂಕಟಲಕ್ಷ್ಮಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಲತಾಳ ಫೋನು ಬಡಿದುಕೊಂಡಿತು. ಅದರ ಮೇಲೆ ಅವಳ ಅಕ್ಕನ ಹೆಸರು ಕಂಡಿತು. ಲತಾ ಮಗಳ ಮುಖದಿಂದ ಕಣ್ಣು ತೆಗೆಯದೆ ಫೋನು ಕಿವಿಗೆ ಹಿಡಿದಳು.

‘ಅಕ್ಕ, ಆ ಸೀಟು ಬೇರೆ ಯಾರಿಗಾದ್ರೂ ಕೊಡ್ಸು. ಇಲ್ಲ ಇಲ್ಲ, ಆಮೇಲೆ ಹೇಳ್ತೀನಿ. ಈಗ ಆಗಲ್ಲ, ಕತೆ ಅರ್ಧದಲ್ಲಿದೆ.’

ನಾನು ಲತಾಳನ್ನೇ ನೋಡುತ್ತಾ ಕೂತುಬಿಟ್ಟಿದ್ದೆ. ಮೊಣಕಾಲಿನ ಮೇಲೆ ಪುಟ್ಟ ಕೈಯೊಂದು ಪಟ್ಟನೆ ಬಡಿಯಿತು.

‘ತಾತ! ಊಂ ಅನ್ನು!’

‘ಊಂ’ ಅಂದೆ.